ಬಸ್ಸಿಲ್ಲದ ರಸ್ತೆಯಲ್ಲಿ ಎರಡು ಸೈಕಲ್ಲು

ನಿಮ್ಮ ಅಜ್ಜನಿಗೆ ರಸ್ತೆ ಎಂದರೆ ಅದರ ಮೇಲೆ ಯಾರೂ ಇರಬಾರದು. ಶಿರಸಿಯಿಂದ ಹುಬ್ಬಳ್ಳಿ ಕಡೆ ಹೋಗುವ ದೊಡ್ಡ ರಸ್ತೆಯನ್ನು ಅವರು ಎಕ್ಕಂಬಿಯವರೆಗೂ ಸೈರಿಸುತ್ತಿರಲಿಲ್ಲ. ಯಲ್ಲಾಪುರದ ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಓಡತೊಡಗಿದ ಮೇಲಂತೂ ಆ ಹೆದ್ದಾರಿಯ ಹೆಸರು ಹೇಳಿದರೆ ಮುಖ ಸಿಂಡರಿಸುತ್ತಿದ್ದರು. ಅವರಿಗೆ ಬೇಕಾದದ್ದು ಹೊಳೆಯ ಪಕ್ಕದ ಒಳದಾರಿ. ಬೆಳಿಗ್ಗೆ ಒಂದು ಬಸ್ಸು ಬಂದು ಸಂಜೆ ಅದೇ ಬಸ್ಸು ತಿರುಗಿ ಹೋಗುವಂಥದ್ದು, ಡಾಂಬರಿನ ನಡುವೆ ಹುಲ್ಲು ಮೂಡಿರುವಂಥದ್ದು. ವಾರವಿಡೀ ಅಡಿಕೆ ವಖಾರಿಯಲ್ಲಿ ವ್ಯಾಪಾರದ ಗದ್ದಲ ಕೇಳುತ್ತ ಕುಳಿತವರು ರಜೆ ಬಂದರೆ ಮಾತಿಲ್ಲದ ಜಾಗ ಹುಡುಕಿಕೊಂಡು ಸೈಕಲ್ ಹತ್ತುತ್ತಿದ್ದರು. ಕ್ಯಾರಿಯರಿನಲ್ಲಿ ಒಂದು ಕಂಬಳಿ, ಅವಲಕ್ಕಿಯ ಗಂಟು, ಗಾಳಿ ಹೊಡೆಯುವ ಪಂಪು. ಅಘನಾಶಿನಿಯ ಕಣಿವೆಗೆ ಇಳಿದು ಬಿಳಗಿಯ ಕಡೆ ಹೋಗಿ ಮರುದಿನ ಬರುತ್ತಿದ್ದರು.

ನನಗೆ ಮೊದಲು ನಾಚಿಕೆಯಾಗುತ್ತಿದ್ದುದು ಅವರ ವಿಷಯಕ್ಕೇ. ನಾವು ಶಿರಸಿ ಪೇಟೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಕೇರಿಯಲ್ಲಿ ಎಲ್ಲರ ಮನೆಯ ಮುಂದೆಯೂ ಸ್ಕೂಟರು ನಿಂತಿತ್ತು. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸುತ್ತ ಬೇಲಿಯ ಮೇಲಿನಿಂದ ಕೇಳುತ್ತಿದ್ದಳು: “ನಿಮ್ಮನೆಯವು ಮತ್ತೆ ಹೊಂಟ್ವ? ಈ ಸಲ ಸನ್ಯಾಸ ತಗಂಡೇ ಬತ್ವೇನ!” ನಾನು ನಕ್ಕಂತೆ ಮಾಡಿ ಒಳಗೆ ಹೋಗಿಬಿಡುತ್ತಿದ್ದೆ.

ನಿಮ್ಮ ಅಮ್ಮ ಹೈಸ್ಕೂಲಿಗೆ ಹೋಗಲೆಂದು ಅಜ್ಜ ಒಂದು ಲೇಡೀಸ್ ಸೈಕಲ್ ತಂದಿದ್ದರು. ಅವಳು ಓದಲು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಅದು ಬಚ್ಚಲ ಹಿಂದೆ ನಿಂತಿತ್ತು. ನಿಮ್ಮ ಅಜ್ಜ ಅದಕ್ಕೆ ಎಣ್ಣೆ ಹಾಕಿ ಹೊಸ ಟಯರು ಕೂರಿಸಿದಾಗ ಯಾರಿಗೋ ಕೊಡುತ್ತಾರೆ ಎಂದುಕೊಂಡಿದ್ದೆ. ನನಗೇ ಕಲಿಸಿದರು. ಬೆಳಕು ಹರಿಯುವ ಹೊತ್ತಿಗೆ, ಚಳಿಗೆ ಯಾರೂ ಏಳದಿರುವಾಗ, ಶಾಲೆಯ ಮೈದಾನಕ್ಕೆ ಕರೆದೊಯ್ದು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು. ಹರೆಯದ ಮಗಳಿರುವ ಹೆಂಗಸು, ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಓದಿ ಅಡುಗೆಮನೆಗೆ ಬಂದವಳು. ಬಿದ್ದಾಗ ಮೊಣಕಾಲಿನ ಉರಿಗಿಂತ ಯಾರಾದರೂ ಕಂಡರೇನೋ ಎಂಬುದೇ ದೊಡ್ಡದಾಗಿತ್ತು. ಆದರೆ ಒಂದು ದಿನ ತಿರುಗಿ ನೋಡಿದಾಗ ಅವರು ಮೈದಾನದ ಆ ತುದಿಯಲ್ಲಿ ಕೈಬಿಟ್ಟು ನಿಂತಿದ್ದರು, ನಾನು ಈ ತುದಿಯಲ್ಲಿದ್ದೆ. ಇಷ್ಟವಾಯಿತು ಎಂದು ಯಾರಿಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ.

“ಯನ್ನ ಜೊತಿಗೆ ಬಾ. ಹೊಳೆ ಬದಿ ದಾರಿ, ಯಾರೂ ನೋಡ್ತ್ವಿಲ್ಲೆ ಮಾರಾಯ್ತಿ” ಎಂದರು.

“ನೋಡಿರೆ?”

“ನೋಡಿರೆ ನೋಡ್ಲಿ.”

“ಹಾಂಗಲ್ಲ. ಗುರ್ತಿನವು ಒಬ್ರು ನೋಡಿರೂ ಆನು ಅಲ್ಲೇ ಇಳ್ದು ಬಸ್ ಹತ್ತತೆ. ಮತ್ತೆ ಈ ಸೈಕಲ್ ಮುಟ್ತ್ನಿಲ್ಲೆ.”

“ಆತು” ಎಂದರು. ಅವರು ಒಪ್ಪಿದ್ದು ಸುಮ್ಮನೆ ಅಲ್ಲ ಎಂದು ಆಮೇಲೆ ತಿಳಿಯಿತು. ಅಂದಿನಿಂದ ನನ್ನ ಸಲುವಾಗಿ ಇನ್ನೂ ನಿರ್ಜನವಾದ ದಾರಿಗಳನ್ನು ಹುಡುಕತೊಡಗಿದರು. ನನ್ನ ತವರು ಕೋಲಸಿರ್ಸಿಯಂತೂ ನಮ್ಮ ದಾರಿಯಲ್ಲಿ ಎಂದೂ ಬರದಂತೆ ನೋಡಿಕೊಂಡರು. ನಾನು ಸೀರೆಯ ನೆರಿಗೆಗೆ ಪಿನ್ನು ಹಾಕಿ, ಸೆರಗನ್ನು ಸೊಂಟಕ್ಕೆ ಸುತ್ತಿ, ಎದುರಿನಿಂದ ಯಾರಾದರೂ ಬಂದರೆ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ, ಯಾರದೋ ಸೈಕಲ್ಲನ್ನು ರಿಪೇರಿಗೆ ಒಯ್ಯುತ್ತಿರುವವಳಂತೆ. ಅವರು ಮುಂದೆ ಹೋಗಿ ಗುರುತಿಲ್ಲದವರಂತೆ ಮರದ ಕೆಳಗೆ ಕಾಯುತ್ತಿದ್ದರು.

ದೀಪಾವಳಿ ಮುಗಿದು, ಅಡಿಕೆ ಕೊಯ್ಲು ಇನ್ನೂ ಶುರುವಾಗದ ಒಂದು ದಿನ ಅವರು ಬಹಳ ಖುಷಿಯಲ್ಲಿ ಮನೆಗೆ ಬಂದರು. ಕಾನಸೂರಿನಿಂದ ಒಳಗೆ ಹೋಗುವ ಒಂದು ದಾರಿಯಲ್ಲಿ ಬಸ್ಸು ನಿಂತುಹೋಗಿದೆಯಂತೆ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರಂತೆ. “ಜೀಪೂ ಇಲ್ಲೆ, ಲಾರಿಯೂ ಇಲ್ಲೆ. ನಾಳೆ ಹೋಪನ. ಪೂರಾ ರಸ್ತೆ ನಮ್ದೇಯ!”

ಹೋದೆವು. ಕಾನಸೂರು ದಾಟಿ ಬಲಕ್ಕೆ ತಿರುಗಿದ ಮೇಲೆ ನಿಜವಾಗಿಯೂ ಒಂದು ಗಾಡಿ ಎದುರಾಗಲಿಲ್ಲ. ರಸ್ತೆ ಇಳಿಯುತ್ತ ಇಳಿಯುತ್ತ ಹೊಳೆಗೆ ಹತ್ತಿರವಾಯಿತು. ನೀರಿನ ಸದ್ದು, ನಮ್ಮ ಚೈನುಗಳ ಸದ್ದು, ಅಷ್ಟೇ. ಒಂದು ತಿರುವಿನಲ್ಲಿ ಮೋರಿ ಮಳೆಗೆ ಕೊಚ್ಚಿಹೋಗಿ ರಸ್ತೆಯೇ ತುಂಡಾಗಿತ್ತು. ಅವರು ಸೈಕಲ್ಲುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದರು. ನಾನು ಸೀರೆ ಎತ್ತಿಕಟ್ಟಿ ಕಲ್ಲಿನಿಂದ ಕಲ್ಲಿಗೆ ಜಿಗಿದೆ. ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಈ ಮೋರಿ ರಿಪೇರಿ ಆಗದೇ ಇರಲಿ ಎಂದು ನಾನೇ ಹೇಳಿದೆ. ಅದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಅಲ್ಲಿಂದ ಸ್ವಲ್ಪ ಮುಂದೆ ಅವರ ಸೈಕಲ್ಲಿನ ಹಿಂದಿನ ಗಾಲಿ ಪಂಕ್ಚರಾಯಿತು. ತೂತು ಹುಡುಕಲು ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಬೇಕು. ರಸ್ತೆಗೆ ಹತ್ತಿರ ಒಂದು ಮನೆ ಕಂಡಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ಅವರು ಎರಡೂ ಸೈಕಲ್ಲನ್ನು ಬೇಲಿಯ ದಣಪೆ ತೆರೆದು ಒಳಗೆ ನಿಲ್ಲಿಸಿ, ಟ್ಯೂಬು ಬಿಚ್ಚಿಕೊಂಡು, “ಮನೆಯವು ತೋಟದಲ್ಲಿ ಇಕ್ಕು, ನೋಡಿ ಬತ್ತೆ” ಎಂದು ಕೆಳಗೆ ಇಳಿದರು. ನಾನು ಅಂಗಳದ ಅಂಚಿನಲ್ಲಿ ನಿಂತೆ.

ಇಲ್ಲಿ ನಮ್ಮ ಕಡೆಯ ರೂಢಿಯನ್ನು ನಿಮಗೆ ಹೇಳಬೇಕು, ನೀವು ಬೇರೆ ಕಡೆ ಬೆಳೆದವರು. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಆಸರಿಗೆ ಕೇಳುತ್ತಾರೆ, ಅಂದರೆ ಬಾಯಾರಿಕೆಗೆ ಏನು ಬೇಕು ಎಂದು. ಆಸರಿಗೆ ಕುಡಿಯುವಾಗ ಕೂರಲೇಬೇಕು. ಕೂತರೆ ಯಾವ ಊರು, ಯಾರ ಮನೆ ಎಂಬ ಪ್ರಶ್ನೆ. ಎರಡು ಮಾತಾಡುವುದರೊಳಗೆ ಎಲ್ಲಿಂದಲೋ ಒಂದು ನೆಂಟಸ್ತಿಕೆ ಹೊರಬೀಳುತ್ತದೆ. ಹಾಗಾಗಿ ನಾನು ಗಟ್ಟಿ ಮಾಡಿಕೊಂಡಿದ್ದೆ: ಆಸರಿಗೆ ಮುಟ್ಟಬಾರದು, ಕೂರಬಾರದು. ಮುಖ ಆಚೆ ತಿರುಗಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಆದರೆ ಆಸರಿಗೆಯನ್ನು ಬೇಡ ಎನ್ನುವ ಒಂದೇ ಒಂದು ಬಗೆಯ ಜನ ನಮ್ಮಲ್ಲಿದ್ದಾರೆ. ಸಾವಿನ ಸುದ್ದಿ ತರುವವರು. ಅವರು ಯಾವಾಗಲೂ ಇಬ್ಬರು ಬರುತ್ತಾರೆ. ಒಳಗೆ ಬರುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಒಬ್ಬರು ಅಂಗಳದಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಮನೆಯ ಗಂಡಸನ್ನು ಹುಡುಕಿ ಬದಿಗೆ ಕರೆದು ಮೊದಲು ಅವನಿಗೆ ಹೇಳುತ್ತಾರೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನನ್ನ ಮಾನದ ಯೋಚನೆಯಲ್ಲಿ ಅದು ತಲೆಗೆ ಹೊಳೆಯಲೇ ಇಲ್ಲ.

ಒಳಗಿನಿಂದ ಒಬ್ಬ ವಯಸ್ಸಾದ ಅಮ್ಮ ಬಂದರು. ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ.

“ಬಾ ತಂಗಿ, ಬಿಸ್ಲಲ್ಲಿ ಎಂತಕ್ಕೆ ನಿಂತ್ಕಂಡೆ? ಆಸ್ರಿಗೆ ಎಂತ ಬೇಕು? ಮಜ್ಜಿಗೆ ಇದ್ದು.”

“ಎಂತದೂ ಬ್ಯಾಡ.”

“ಬೆಲ್ಲ ನೀರಾದ್ರೂ ಕುಡಿ.”

“ಬ್ಯಾಡ ಅಮ್ಮ. ಇಲ್ಲೇ ನಿಂತ್ಕತ್ತೆ.”

ಅವರು ಮೆಟ್ಟಿಲಿಳಿದು ಹತ್ತಿರ ಬಂದರು. ನಾನು ಇನ್ನಷ್ಟು ಆಚೆ ತಿರುಗಿದೆ.

“ಎಲ್ಲಿಂದ ಬಂದದ್ದು?”

“ಶಿರ್ಸಿಂದ.”

“ಒಬ್ಳೇಯ?”

“ಇಲ್ಲೆ. ಅವು ತೋಟಕ್ಕೆ ಹೋಯ್ದ. ನಿಮ್ಮನೆ ಗಂಡಸ್ರ ಹುಡುಕ್ಯಂಡು.”

ತಿರುಗಿ ನೋಡಿದರೆ ಆ ಅಮ್ಮ ಅಂಗಳದಲ್ಲೇ ಕುಕ್ಕರಿಸಿಬಿಟ್ಟಿದ್ದರು. ಮುಖ ಬಿಳುಚಿಕೊಂಡಿತ್ತು, ಅಳು ಇರಲಿಲ್ಲ.

“ಹೇಳ್ಬುಡು. ಆನು ಗಟ್ಟಿ ಇದ್ದೆ. ನಿನ್ನೆ ಟೇಬಲ್ ಮೇಲೇ ಹೋದ್ವ? ಬೆಳಗ್ಗೆ ಹೋದ್ವ?”

ಆಗ ನನಗೆ ಅರ್ಥವಾಯಿತು. ಅವರ ಯಜಮಾನರು ಶಿರಸಿಯ ಆಸ್ಪತ್ರೆಯಲ್ಲಿದ್ದರು. ಹಿಂದಿನ ದಿನ ಹೊಟ್ಟೆಯ ಆಪರೇಶನ್ ಆಗುವುದಿತ್ತು. ಮನೆಗೆ ಫೋನಿನ ಸಂಪರ್ಕವೇನೋ ಬಂದಿತ್ತು, ಆದರೆ ತಂತಿಯ ಮೇಲೆ ಮರ ಬಿದ್ದು ಅದು ಸತ್ತಿತ್ತು. ಬಸ್ಸಿದ್ದರೆ ಆಸ್ಪತ್ರೆಯಲ್ಲಿ ಜೊತೆಗಿದ್ದ ದೊಡ್ಡ ಮಗ ಕಂಡಕ್ಟರನ ಹತ್ತಿರ ಹೇಳಿ ಕಳಿಸುತ್ತಿದ್ದ. ಬಸ್ಸಿರಲಿಲ್ಲ. ಇವೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಕಂಡದ್ದು ಇಷ್ಟು: ಅವರು ನನ್ನ ಮುಖವನ್ನೇ ನೋಡುತ್ತ ಎಡಗೈಯ ಬಳೆಗಳನ್ನು ಬೆರಳುಗಳ ಕಡೆ ಸರಿಸತೊಡಗಿದ್ದರು. ಕೈ ದಪ್ಪಗಿತ್ತು, ಬಳೆ ಬರುತ್ತಿರಲಿಲ್ಲ. ಅವರಿಗೆ ತಾವು ಮಾಡುತ್ತಿರುವುದು ಗೊತ್ತಿತ್ತೋ ಇಲ್ಲವೋ. ಬಳೆ ತೆಗೆಯುವುದು ಎಂದರೇನು ಎಂದು ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ.

ನನಗೆ ಹೆದರಿದಾಗ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತು. ಓಡಿಹೋಗಿ ಅವರ ಕೈ ಹಿಡಿದುಕೊಂಡೆ. ಬಹಳ ಕಷ್ಟಪಟ್ಟು, “ಇಲ್ಲೆ ಅಮ್ಮ, ಯಾರೂ ಹೋಯ್ದ್ವಿಲ್ಲೆ” ಎಂದೆ.

“ಎಲ್ಲ ಮೊದ್ಲು ಹಾಂಗೇ ಹೇಳ್ತ. ಯನ್ನಪ್ಪ ಹೋದಾಗ್ಲೂ ಹೇಳಿದ್ವು, ಸ್ವಲ್ಪ ಹುಷಾರಿಲ್ಲೆ ಅಷ್ಟೇಯ ಹೇಳಿ. ನಿನ್ನ ಮುಖ ನೋಡಿರೆ ಗೊತ್ತಾಗ್ತು.”

ನನ್ನ ಮುಖದಲ್ಲಿ ಇದ್ದದ್ದು ನಾಚಿಕೆ. ಅದನ್ನು ಅವರಿಗೆ ಹೇಗೆ ಹೇಳಲಿ? ನಾವು ಸುಮ್ಮನೆ ಹೊಳೆ ನೋಡಲು ಸೈಕಲ್ಲಿನಲ್ಲಿ ಬಂದವರು ಎಂದರೆ ಯಾರು ನಂಬುತ್ತಾರೆ? ಬಸ್ಸಿಲ್ಲದ ದಾರಿಯಲ್ಲಿ ಕೆಲಸವಿಲ್ಲದೆ ಯಾರು ಬರುತ್ತಾರೆ? ಅವರು ನಂಬುವುದು ಒಂದನ್ನೇ ಎಂದು ತಿಳಿಯಿತು. ಅದನ್ನು ಮಾಡಿದರೆ ನಾನು ಯಾರೆಂದು ಹೇಳಬೇಕಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ, ಅಲ್ಲಿಗೆ ಈ ಸೈಕಲ್ಲು ಮುಗಿಯಿತು ಎಂಬುದೂ ತಿಳಿಯಿತು. ಅಷ್ಟು ಹೊತ್ತಿನಲ್ಲೂ ನಾನು ಅದನ್ನು ಯೋಚಿಸಿದೆ.

“ಅಮ್ಮ, ನಂಗೆ ಆಸ್ರಿಗೆ ಕೊಡಿ. ರಾಶಿ ಬಾಯಾರಿಕೆ ಆಯ್ದು.”

ಅವರ ಕೈ ನಿಂತಿತು.

“ನೀ ನಮ್ಮನೆ ನೀರು ಕುಡಿತ್ಯ?”

“ಕುಡಿತೆ. ಒಳಗೆ ಬತ್ತೆ.”

ಕಾಲು ತೊಳೆದು ಜಗುಲಿ ಹತ್ತಿ ಕೂತೆ. ಅವರು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟು, ಎದುರಿಗೇ ನಿಂತು, ನನ್ನ ಗಂಟಲನ್ನೇ ನೋಡುತ್ತಿದ್ದರು. “ಕುಡಿ. ಪೂರ್ತಿ ಕುಡಿ” ಎಂದರು. ಕಡೆಯ ಗುಟುಕು ಇಳಿದ ಮೇಲೆ ಗೋಡೆಗೆ ಒರಗಿ ಕೂತು, ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು ಅತ್ತರು. ಅತ್ತಾದ ಮೇಲೆ ಕಣ್ಣು ಒರೆಸಿಕೊಂಡು ಕೇಳಿದರು: “ಯಾರ ಮನೆ ಆತು?”

ಹೇಳಿದೆ. ಗಂಡನ ಊರು, ಅತ್ತೆಯ ತವರು, ಕೊನೆಗೆ ಕೋಲಸಿರ್ಸಿ.

“ಕೋಲಸಿರ್ಸಿ ಕೂಸ? ಹಾಂಗಾರೆ ನೀನು ಯನ್ನ ತಂಗಿಯ ಗಂಡನ ಮನೆ ಪಕ್ಕದ್ದಲ! ಸೈಕಲ್ ಮೇಲೆ ಬಂದ್ಯ? ಸೀರೆ ಉಟ್ಗಂಡು?”

“ಹೌದು.”

“ಎಂತ ಕೆಲ್ಸಕ್ಕೆ?”

“ಕೆಲ್ಸ ಇಲ್ಲೆ. ಸುಮ್ಮಂಗೆ.”

“ಮತ್ತೆ ಅಂಗಳದಲ್ಲಿ ಹಾಂಗೆ ಎಂತಕ್ಕೆ ನಿಂತ್ಕಂಡಿದ್ದೆ?”

“ನಾಚ್ಕೆ ಆಗಿ.”

ಅವರು ನನ್ನ ಮುಂದಿನ ಖಾಲಿ ಲೋಟ ಎತ್ತಿಕೊಂಡರು. “ಹೆಂಗಸು ಸೈಕಲ್ ಹೊಡೆದ್ರೆ ಯಾರೂ ಸಾಯ್ತ್ವಿಲ್ಲೆ. ನೀ ಬಾಯಿ ಮುಚ್ಗಂಡು ನಿಂತಿದ್ದಕ್ಕೆ ಆನು ಸತ್ತೇ ಹೋಗ್ತಿದ್ದೆ” ಎಂದರು. ಬೈಗುಳದ ದನಿ ಅಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ನಿಮ್ಮ ಅಜ್ಜ ಆ ಮನೆಯ ಕಿರಿಯ ಮಗನ ಜೊತೆ ತೋಟದಿಂದ ಬಂದರು. ಬಿಚ್ಚಿದ ಟ್ಯೂಬನ್ನು ಕೊರಳಿಗೆ ಹಾಕಿಕೊಂಡಿದ್ದರು. ನಡೆದದ್ದು ಏನೂ ಗೊತ್ತಿಲ್ಲದೆ ಅಂಗಳದಿಂದಲೇ ಹೇಳಿದರು: “ಎಂಥಾ ರಸ್ತೆ ಮಾರಾಯ ನಿಮ್ದು! ಒಂದು ಗಾಡಿ ಇಲ್ಲೆ!”

“ಗಾಡಿ ಎಲ್ಲಿಂದ ಬತ್ತು ಭಾವ?” ಎಂದ ಆ ಮಗ. “ಮೋರಿ ಹೋದ ಮೇಲೆ ಬಸ್ ಇಲ್ಲೆ. ಅಪ್ಪನ್ನ ಕುರ್ಚಿ ಮೇಲೆ ಕೂರ್ಸಿ ನಾಕು ಜನ ಕಾನಸೂರಿನವರೆಗೆ ಹೊತ್ಗಂಡು ಹೋಯ್ದ್ಯ.”

ನಿಮ್ಮ ಅಜ್ಜ ಕೊರಳಿನಿಂದ ಟ್ಯೂಬು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಮ್ಮ ಸೈಕಲ್ಲುಗಳನ್ನು ನಗುತ್ತ ದಾಟಿಸಿದ ಹಳ್ಳದಲ್ಲಿ ಆ ಮನೆಯವರು ಕುರ್ಚಿ ಹೊತ್ತು ದಾಟಿದ್ದರು.

ಮಗ ತಾನೇ ಮರುದಿನ ನಡೆದು ಹೋಗಿ ನೋಡಿಕೊಂಡು ಬರುತ್ತೇನೆ ಎಂದ. ಆ ಅಮ್ಮ ಒಪ್ಪಲಿಲ್ಲ. “ನೀ ಹೋದ್ರೆ ನಿನ್ನ ಅಣ್ಣ ಹೇಳಿದ್ದನ್ನೇ ಬಂದು ಹೇಳ್ತೆ. ಗಂಡಸ್ರು ಯಂಗೆ ಎಂತನ್ನೂ ಪೂರ್ತಿ ಹೇಳ್ತ್ವಿಲ್ಲೆ” ಎಂದು ನನ್ನ ಕಡೆ ತಿರುಗಿದರು. “ನೀ ಹೋಗು. ನೀ ಕಣ್ಣಾರೆ ನೋಡು. ನೋಡಿ ಬಂದು ಯಂಗೆ ಹೇಳು. ಸುಮ್ಮಂಗೆ ಬರಡ ಮತ್ತೆ, ಮೋರಿ ಹತ್ರಿಂದ ಗಂಟೆ ಹೊಡ್ಕತ್ತೇ ಬಾ. ಗಂಟೆ ಕೇಳದೇ ಸೈಕಲ್ ಕಂಡ್ರೆ ಯನ್ನ ಎದೆ ನಿಂತುಹೋಗ್ತು.”

ನಾವು ಪಂಕ್ಚರು ಹಾಕಿ, ಬಿಳಗಿಯ ಯೋಚನೆ ಬಿಟ್ಟು ಅಲ್ಲಿಂದಲೇ ಶಿರಸಿಗೆ ತಿರುಗಿದೆವು. ಆಸ್ಪತ್ರೆಯಲ್ಲಿ ಆ ಯಜಮಾನರು ಮಂಚದ ಮೇಲೆ ಒರಗಿಕೊಂಡು, ಗಂಜಿಯ ಬಟ್ಟಲು ದೂಡಿ, ದೊಡ್ಡ ಮಗನ ಮೇಲೆ ರೇಗುತ್ತಿದ್ದರು. ಗುರುತಿಲ್ಲದ ಗಂಡಸಿನ ಮಂಚದ ಬದಿಗೆ ಹೋಗಿ ನಿಲ್ಲಲು ನನಗೆ ಕಾಲು ಬರಲಿಲ್ಲ. ಆದರೂ ಹೋದೆ, ನೋಡಿದೆ. ಕಣ್ಣು, ನಾಲಿಗೆ, ಕೈಯ ಬಿಸಿ ಎಲ್ಲ ನೋಡಿದೆ, ಕಳಿಸಿದವರು ಕೇಳುತ್ತಾರೆಂದು. ಮನೆಯಲ್ಲಿ ಏನು ಹೇಳಬೇಕು ಎಂದು ಕೇಳಿದಾಗ ಅವರು ಹೇಳಿದ ಮಾತು ಕೇಳಿ ಮಗ ನಕ್ಕ, ನಾನು ನೆಲ ನೋಡಿದೆ.

ಮರುದಿನ ನಿಮ್ಮ ಅಜ್ಜನಿಗೆ ವಖಾರಿ ತಪ್ಪಿಸುವಂತಿರಲಿಲ್ಲ. ಕಾನಸೂರಿನವರೆಗೆ ಬಸ್ಸಿನಲ್ಲಿ ಹೋಗಿ ಆಮೇಲೆ ನಡೆಯಬಹುದಿತ್ತು. ಅದರಿಂದ ನನ್ನ ಮಾನ ಉಳಿಯುತ್ತಿತ್ತು. ಆದರೆ ತಲುಪುವಾಗ ಮಧ್ಯಾಹ್ನ ಕಳೆಯುತ್ತಿತ್ತು, ಅಷ್ಟು ಹೊತ್ತು ಆ ಅಮ್ಮ ಅಂಗಳದಲ್ಲೇ ಕಿವಿಗೊಟ್ಟು ಕೂತಿರುತ್ತಿದ್ದರು. ನಾನು ಬೆಳಿಗ್ಗೆಯೇ ಒಬ್ಬಳೇ ಸೈಕಲ್ ಹತ್ತಿದೆ. ನಮ್ಮ ಕೇರಿಯ ನಡುವೆ, ಹಾಡುಹಗಲಲ್ಲಿ. ಪಕ್ಕದ ಮನೆಯಾಕೆಯ ಕೈಯಿಂದ ಹಿಂಡುತ್ತಿದ್ದ ಸೀರೆ ಜಾರಿತು. ಕಾನಸೂರಿನ ಬಸ್ ತಂಗುದಾಣದಲ್ಲಿ ಕೂತವರಲ್ಲಿ ಒಬ್ಬ, “ಅಕ್ಕೋರೆ, ಬ್ರೇಕ್ ಹಿಡೀತದಾ, ಇಲ್ಲಾ ಹಾರಿಸ್ತ್ರಾ?” ಎಂದ. ಇನ್ನೊಬ್ಬ ಶಿಳ್ಳೆ ಹೊಡೆದ. ಮೈಯೆಲ್ಲ ಬೆವತು ಪೆಡಲು ಜಾರುತ್ತಿತ್ತು. ಹಿಂದಿನ ದಿನ ಅಷ್ಟು ಚಂದ ಕಂಡ ಹೊಳೆಯನ್ನು ನಾನು ಆ ದಿನ ನೋಡಲೇ ಇಲ್ಲ.

ಹಳ್ಳದಲ್ಲಿ ಸೈಕಲ್ಲನ್ನು ಹೇಗೋ ಎಳೆದು ದಾಟಿಸಿ ಗಂಟೆ ಒತ್ತಲು ಶುರುಮಾಡಿದೆ. ಆ ನಿಶ್ಶಬ್ದದಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿತು ಎಂದರೆ ನಾನೇ ಬೆಚ್ಚಿದೆ. ನಿಲ್ಲಿಸುವ ಹಾಗಿರಲಿಲ್ಲ. ಬಸ್ಸಿಲ್ಲದ ಊರಿನಲ್ಲಿ ಸೈಕಲ್ ಗಂಟೆ ಕೇಳಿ ಆಚೀಚೆ ಮನೆಗಳಿಂದ ಹೆಂಗಸರು ಮಕ್ಕಳು ಹೊರಬಂದರು. ಕೆಲವರು ಹಿಂದೆಯೇ ನಡೆದು ಬಂದರು. ಅಂಗಳ ತಲುಪುವಾಗ ಒಂದು ಸಣ್ಣ ಗುಂಪೇ ಆಗಿತ್ತು. ಆ ಅಮ್ಮ ದಣಪೆಯನ್ನು ಹಿಡಿದು ನಿಂತಿದ್ದರು.

“ಇದ್ದ” ಎಂದೆ. ಉಸಿರು ಕಟ್ಟಿ ಅಷ್ಟೇ ಬಂತು.

“ಕಂಡ್ಯ? ನೀನೇ ಕಂಡ್ಯ?”

“ಕಂಡೆ. ಜ್ವರ ಇಲ್ಲೆ. ನಾಲಿಗೆ ಚೊಕ್ಕ ಇದ್ದು. ಮಗನ ಬೈತಾ ಇದ್ದ.”

ಯಾರೋ ನಕ್ಕರು. ಅಮ್ಮ ನಗಲಿಲ್ಲ. “ಎಂತ ಹೇಳಿ ಕಳ್ಸಿದ್ವು? ಅವು ಹೇಳಿದ ಹಾಂಗೇ ಹೇಳು.”

“ಆಮೇಲೆ ಹೇಳ್ತೆ ಅಮ್ಮ. ಒಳಗೆ ಹೋಗಿ.”

“ಈಗ್ಲೇ ಹೇಳು. ನೀ ನುಂಗಿದ್ರೆ ಯಂಗೆ ನಂಬ್ಕೆ ಇಲ್ಲೆ.”

ಊರಿನ ಅಷ್ಟೂ ಜನರ ಎದುರು, ತಾಯಿಯ ವಯಸ್ಸಿನವರಿಗೆ, ನಾನು ಹೇಳಬೇಕಾಯಿತು. “ಆ ಮಳ್ಳಿಗೆ ಹೇಳು, ಅದರ ಕೈ ಗಂಜಿ ಇಲ್ಲದೇ ಇಲ್ಲಿ ಯಂಗೆ ಎಂತದೂ ಸೇರ್ತಿಲ್ಲೆ. ಅದು ಬಂದು ಬದಿಗೆ ಕೂತ್ರೆ ನಾಳೆಯೇ ಎದ್ದು ಬತ್ತೆ.”

ಅಂಗಳ ಗೊಳ್ಳೆಂದಿತು. ಅಮ್ಮನ ಮುಖ ಕುಂಕುಮದಷ್ಟೇ ಕೆಂಪಾಯಿತು. “ಹೋಗೇ! ನಾಕು ಜನರ ಎದುರು ಹೇಳೋ ಮಾತನೇ ಇದು!” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೆರಗಿನ ಒಳಗಿನಿಂದಲೇ ಹೇಳಿದರು: “ಅವೇ ಹೇಳಿದ್ದು ಹೌದು. ಬೇರೆ ಯಾರೂ ಯಂಗೆ ಮಳ್ಳಿ ಹೇಳ್ತ್ವಿಲ್ಲೆ.”

ಕೋಲಸಿರ್ಸಿಗೆ ಸುದ್ದಿ ನನಗಿಂತ ಬೇಗ ಹೋಯಿತು. ನನ್ನ ಅಣ್ಣ ಮನೆಗೆ ಬಂದು, ಕಾಫಿ ಮುಟ್ಟದೆ, “ಮರ್ಯಾದೆ ತೆಗ್ದೆ” ಎಂದು ಹೇಳಿ ಹೋದ. ನಾನು ಅಡುಗೆಮನೆಯ ಕತ್ತಲಲ್ಲಿ ನಿಂತಿದ್ದೆ. ಗುರುತಿನವರು ಒಬ್ಬರು ನೋಡಿದರೂ ಬಿಡುತ್ತೇನೆ ಎಂದಿದ್ದವಳು ನಾನು. ಈಗ ನೋಡದವರೇ ಉಳಿದಿರಲಿಲ್ಲ. ಮುಂದಿನ ರಜೆಗೆ ನಿಮ್ಮ ಅಜ್ಜ ಏನೂ ಕೇಳದೆ ತಮ್ಮ ಸೈಕಲ್ಲಿಗೆ ಮಾತ್ರ ಗಾಳಿ ಹೊಡೆದು ಪಂಪನ್ನು ಗೋಡೆಗೆ ಒರಗಿಸಿದರು. ಅದನ್ನು ತೆಗೆದುಕೊಂಡು ನನ್ನ ಸೈಕಲ್ಲಿಗೆ ನಾನೇ ಹೊಡೆದೆ.

ನಾಚಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆ ಎಷ್ಟೋ ಚಳಿಗಾಲ ನಾವು ಹೊಳೆ ಬದಿಯ ದಾರಿಗಳಲ್ಲಿ ಹೋದೆವು, ಯಲ್ಲಾಪುರದ ಕಡೆ ಬೇಡ್ತಿಯ ಕಣಿವೆಗೂ ಇಳಿದೆವು. ಆದರೆ ಗಾಡಿಯಿಲ್ಲದ ರಸ್ತೆ ಎಂದು ನಿಮ್ಮ ಅಜ್ಜ ಮತ್ತೆ ಹಿಗ್ಗಲಿಲ್ಲ. ಬಸ್ಸು ನಿಂತ ದಾರಿ ಎಂದು ತಿಳಿದರೆ ಹಿಂದಿನ ದಿನ ಸಂತೆಯಲ್ಲಿ ಆ ಕಡೆಯವರನ್ನು ಹುಡುಕಿ, ಪೇಟೆಯಿಂದ ಏನಾದರೂ ಒಯ್ಯುವುದಿದೆಯೇ ಎಂದು ಕೇಳುತ್ತಿದ್ದರು. ಮಾತ್ರೆ, ಕನ್ನಡಕ, ಪಂಚಾಂಗ ಎಲ್ಲ ನಮ್ಮ ಕ್ಯಾರಿಯರಿನಲ್ಲಿ ಹೋಗುತ್ತಿದ್ದವು. ಮನೆ ಕಾಣುವ ಮೊದಲೇ ನಾನು ಕೂಗಬೇಕಾಗುತ್ತಿತ್ತು, ಅದು ನನ್ನ ಕೆಲಸ ಎಂದು ಅವರು ಬಿಟ್ಟುಬಿಟ್ಟಿದ್ದರು. ಮುಖ ಬಿಸಿಯಾಗುತ್ತಿತ್ತು, ದನಿ ಒಡೆಯುತ್ತಿತ್ತು. ಆದರೂ ಕೂಗುತ್ತಿದ್ದೆ:

“ಯಾರಿಗೂ ಎಂತದೂ ಆಯ್ದಿಲ್ಲೆ! ಕುಕ್ಕರಿನ ರಬ್ಬರು ತಂದಿದ್ದ್ಯ!”